ಬಿಚ್ಚುವ ಪಾಠ ಮೊದಲ ದಿನವೇ: ಹೆಣಿಗೆ ಕಲಿಸುವವರಿಗೊಂದು ಬಹಿರಂಗ ಪತ್ರ

ಮಹಿಳಾ ಸಮಾಜಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಶಾಲೆಯ ಕರಕುಶಲ ತರಗತಿಗಳಲ್ಲಿ, ಮನೆಯ ಜಗಲಿಯ ಮೇಲೆ ಕಡ್ಡಿ ಹಿಡಿಸಿ ಉಣ್ಣೆಯ ಹೆಣಿಗೆ ಕಲಿಸುತ್ತಿರುವ ಎಲ್ಲರಿಗೂ,

ಹೆಣಿಗೆಯ ಪಾಠಕ್ಕೆ ರೂಢಿಯಿಂದ ಬಂದ ಒಂದು ಕ್ರಮವಿದೆ. ಮೊದಲು ಕಡ್ಡಿಯ ಮೇಲೆ ಕುಣಿಕೆ ಹಾಕುವುದು, ಆಮೇಲೆ ನಿಟ್, ಅದು ಕೈಗೆ ಕೂತ ಮೇಲೆ ಪರ್ಲ್, ಮುಂದೆ ಕುಣಿಕೆ ಹೆಚ್ಚಿಸುವುದು ಮತ್ತು ತಗ್ಗಿಸುವುದು, ಕೊನೆಗೆ ಅಂಚು ಮುಚ್ಚುವುದು. ಹೆಣೆದದ್ದನ್ನು ಬಿಚ್ಚುವುದಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಏನಾದರೂ ಕೆಟ್ಟಾಗ ಮಾತ್ರ ಅದರ ಮಾತು ಬರುತ್ತದೆ. ಕಲಿಯುವವರ ಕಡ್ಡಿಯಿಂದ ಒಂದು ಕುಣಿಕೆ ಜಾರುತ್ತದೆ, ಅವರು ಗಾಬರಿಯಿಂದ ಗುರುಗಳ ಮುಖ ನೋಡುತ್ತಾರೆ, ಗುರುಗಳು ಹೆಣಿಗೆಯನ್ನು ಕೈಗೆ ತೆಗೆದುಕೊಂಡು ಎರಡು ನಿಮಿಷದಲ್ಲಿ ಸರಿಮಾಡಿ ಕೊಡುತ್ತಾರೆ, ಆ ಎರಡು ನಿಮಿಷದಲ್ಲಿ ನಡೆದದ್ದೇನು ಎಂಬುದು ಮಾತ್ರ ಕಲಿಯುವವರಿಗೆ ಗೊತ್ತಾಗುವುದೇ ಇಲ್ಲ. ಇದು ಪ್ರೀತಿಯಿಂದಲೇ ಆಗುವ ಕೆಲಸ, ಸಂದೇಹವಿಲ್ಲ. ಆದರೆ ಹೀಗೆ ಕಲಿತವರು ಮನೆಯಲ್ಲಿ ಒಬ್ಬರೇ ಕುಳಿತಾಗ ಮೊದಲ ತಪ್ಪಿಗೇ ಕಡ್ಡಿ ಕೆಳಗಿಡುತ್ತಾರೆ, ಅರ್ಧ ಹೆಣೆದ ಸ್ವೆಟರ್ ಟ್ರಂಕಿನ ತಳ ಸೇರುತ್ತದೆ. ನಿಟ್ ಕಲಿಸಿದ ದಿನವೇ ನಿಟ್ ಬಿಚ್ಚುವುದನ್ನೂ ಕಲಿಸಬೇಕು, ಪರ್ಲ್ ಕಲಿಸಿದ ದಿನ ಪರ್ಲ್ ಬಿಚ್ಚುವುದನ್ನೂ ಕಲಿಸಬೇಕು ಎಂಬುದು ಈ ಪತ್ರದ ಬಿನ್ನಹ.

ಈ ಬಿನ್ನಹಕ್ಕೆ ಆಧಾರ ಬಟ್ಟೆಯ ರಚನೆಯಲ್ಲೇ ಸಿಗುತ್ತದೆ. ನೇಯ್ಗೆಯಲ್ಲಿ ಎರಡು ಬಗೆಯ ನೂಲುಗಳಿರುತ್ತವೆ: ಮಗ್ಗದ ಉದ್ದಕ್ಕೆ ಬಿಗಿದು ಕಟ್ಟಿದ ಹಾಸು, ಅದರ ನಡುವೆ ಅಡ್ಡಡ್ಡಲಾಗಿ ಓಡಾಡುವ ಹೊಕ್ಕು. ಚಳ್ಳಕೆರೆಯ ಸೀಮೆಯಲ್ಲಿ ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕಂಬಳಿಯನ್ನು ನೋಡಿದರೆ, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿಮಾಡಿದ ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆಗಳು ಅದುಮಿಕೊಂಡು ಕೂತಿರುತ್ತವೆ. ಅಂಚಿನಲ್ಲಿ ಒಂದೆಳೆ ಹಿಡಿದು ಜಗ್ಗಿದರೆ ಕಂಬಳಿ ಮತ್ತೆ ನೂಲಿನ ಉಂಡೆಯಾಗುವುದಿಲ್ಲ. ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಕುಣಿಕೆಯಾಗಿ ಬಾಗಿ, ಕೆಳಗಿನ ಸಾಲಿನ ಕುಣಿಕೆಯೊಳಗಿಂದ ಹೊರಬಂದು, ತನ್ನೊಳಗಿಂದ ಮೇಲಿನ ಸಾಲಿನ ಕುಣಿಕೆಗೆ ದಾರಿ ಕೊಡುತ್ತದೆ. ಅಡ್ಡಕ್ಕೆ ಸಾಗುವ ಕುಣಿಕೆಗಳ ಗುಂಪು ಸಾಲು. ಉದ್ದಕ್ಕೆ ಒಂದರ ಮೇಲೊಂದು ನಿಂತ ಕುಣಿಕೆಗಳನ್ನು ಇಲ್ಲಿ ಕಂಬ ಎಂದು ಕರೆಯಬಹುದು. ಪ್ರತಿಯೊಂದು ಕುಣಿಕೆಯನ್ನೂ ಅದೇ ಕಂಬದಲ್ಲಿ ತನ್ನ ಮೇಲಿರುವ ಕುಣಿಕೆ ಹಿಡಿದಿರುತ್ತದೆ, ತುತ್ತತುದಿಯ ಸಾಲಿನ ಕುಣಿಕೆಗಳನ್ನು ಹಿಡಿಯಲು ಮಾತ್ರ ಕಡ್ಡಿಯ ಹೊರತು ಬೇರೇನೂ ಇಲ್ಲ. ಇಡೀ ಬಟ್ಟೆಯಲ್ಲಿ ಎಲ್ಲಿಯೂ ಒಂದು ಗಂಟಿಲ್ಲದಿರುವುದರಿಂದ ಕಡ್ಡಿ ಎಳೆದು ನೂಲಿನ ತುದಿ ಜಗ್ಗಿದರೆ ಕಟ್ಟಿದ ದಾರಿಯಲ್ಲೇ, ಕಟ್ಟಿದ್ದಕ್ಕೆ ತಿರುಗುಮುರುಗಾಗಿ, ಎಲ್ಲವೂ ನೂಲಾಗಿ ಹಿಂದೆ ಬರುತ್ತದೆ.

ಗಂಟಿಲ್ಲದಿರುವುದು ದೌರ್ಬಲ್ಯವಲ್ಲವೇ ಎಂಬ ಪ್ರಶ್ನೆ ಏಳಬಹುದು. ಇದಕ್ಕೆ ಉತ್ತರವನ್ನು ಹೆಣಿಗೆಗಿಂತ ಹಳೆಯದಾದ ಇನ್ನೊಂದು ಕಲೆಯೊಡನೆ ಹೋಲಿಸಿ ಕಂಡುಕೊಳ್ಳಬಹುದು. ನಾಲ್‌ಬೈಂಡಿಂಗ್ ಎಂಬ ಆ ಕಲೆಯಲ್ಲಿ ಕಣ್ಣುಳ್ಳ ಒಂದೇ ಸೂಜಿಗೆ ಮೊಳದುದ್ದದ ನೂಲು ಪೋಣಿಸಿ, ಪ್ರತಿ ಸಲವೂ ಆ ನೂಲನ್ನು ಪೂರ್ತಿಯಾಗಿ ಕುಣಿಕೆಯೊಳಗಿಂದ ದಾಟಿಸುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, ಚಪ್ಪಲಿಯೊಡನೆ ತೊಡಲು ಹೆಬ್ಬೆರಳಿನ ಬಳಿ ಸೀಳಿಟ್ಟ ಕೆಂಪು ಉಣ್ಣೆಯ ಕಾಲುಚೀಲಗಳನ್ನು ಈಜಿಪ್ಟಿನಲ್ಲಿ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಮಾಡಿದ್ದು ಹೀಗೆಯೇ. ಅವುಗಳನ್ನು ಎಲ್ಲಿ ಕತ್ತರಿಸಿದರೂ ಎಳೆ ಓಡುವುದಿಲ್ಲ. ಆದರೆ ಅಲ್ಲಿ ತಪ್ಪಾದರೆ ಜಗ್ಗಿ ಬಿಚ್ಚುವಂತಿಲ್ಲ. ಸೂಜಿಯನ್ನು ಬಂದ ದಾರಿಯಲ್ಲೇ ಒಂದೊಂದು ಕುಣಿಕೆಯಿಂದ ಹಿಂದಕ್ಕೆ ತೂರಿಸಿಕೊಂಡು ಬರಬೇಕು, ಇಲ್ಲವೇ ಕತ್ತರಿಸಿ ಬಿಸಾಡಬೇಕು. ಅದೇ ಈಜಿಪ್ಟಿನಲ್ಲಿ ಸುಮಾರು 11ರಿಂದ 14ನೆಯ ಶತಮಾನದೊಳಗಿನವೆಂದು ಹೇಳಲಾಗುವ ನಿಜವಾದ ಹೆಣಿಗೆಯ ಹತ್ತಿ ಕಾಲುಚೀಲಗಳು ಕಾಣಿಸಿಕೊಳ್ಳುತ್ತವೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಉಂಡೆಯಿಂದ ನೂಲು ಕಡಿಯದೆ ಬರುತ್ತಲೇ ಇರುವುದರಿಂದ ಅದು ವೇಗವಾಗಿ ಸಾಗುತ್ತದೆ, ಕುಣಿಕೆಯೊಳಗೆ ಕುಣಿಕೆ ಮಾತ್ರ ದಾಟುವುದರಿಂದ ಅಷ್ಟೇ ವೇಗವಾಗಿ ಹಿಂದಕ್ಕೂ ಹೋಗುತ್ತದೆ. ವೇಗಕ್ಕೂ ಬಿಚ್ಚಿಕೊಳ್ಳುವ ಗುಣಕ್ಕೂ ಕಾರಣ ಒಂದೇ ಆದ್ದರಿಂದ ಮೊದಲನೆಯದನ್ನು ಕಲಿಸಿ ಎರಡನೆಯದನ್ನು ಬಿಡುವುದು ಅರ್ಧ ಪಾಠ.

ಈ ಗುಣವನ್ನು ಲೆಕ್ಕಕ್ಕೆ ಹಿಡಿದೇ ಉಡುಪು ರೂಪಿಸಿದವರು ಇದ್ದರು. ಬ್ರಿಟನ್ನಿನ ಕರಾವಳಿಯ ಮೀನುಗಾರರು ತೊಡುತ್ತಿದ್ದ ಗ್ಯಾನ್ಸಿ ಎಂಬ ದಪ್ಪ ಸ್ವೆಟರನ್ನು ವಿಟ್ಬಿ, ಶೆರಿಂಗಮ್, ಕಾರ್ನ್‌ವಾಲ್ ಕಡೆಗಳ ಹೆಂಗಸರು ಐದು ಎಳೆ ಹುರಿಗೊಳಿಸಿದ ನೂಲಿನಿಂದ, ಸಣ್ಣ ಉಕ್ಕಿನ ಕಡ್ಡಿಗಳ ಮೇಲೆ, ಗಾಳಿಯೂ ನುಸುಳದಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು. ಮೈಭಾಗವನ್ನು ಕೆಳಗಿನಿಂದ ಮೇಲಕ್ಕೆ ಹೊಲಿಗೆಯಿಲ್ಲದೆ ಸುತ್ತು ಸುತ್ತಾಗಿ ಹೆಣೆದು ಭುಜ ಕೂಡಿಸಿದ ಮೇಲೆ, ತೋಳನ್ನು ಮಾತ್ರ ಭುಜದ ಅಂಚಿನಿಂದ ಕುಣಿಕೆ ಎತ್ತಿಕೊಂಡು ಮಣಿಕಟ್ಟಿನ ಕಡೆಗೆ, ಅಂದರೆ ಮೇಲಿನಿಂದ ಕೆಳಕ್ಕೆ ಹೆಣೆಯುತ್ತಿದ್ದರು. ಇದರ ಹಿಂದಿನ ಲೆಕ್ಕಾಚಾರ ಅಚ್ಚುಕಟ್ಟಾದದ್ದು. ಬಲೆ, ಹಗ್ಗ, ಉಪ್ಪುನೀರಿನ ನಡುವೆ ದುಡಿಯುವವನ ಸ್ವೆಟರಿನಲ್ಲಿ ಮೊದಲು ಸವೆಯುವುದು ಮುಂಗೈ ಭಾಗ. ಹೆಣಿಗೆ ಬಿಚ್ಚಿಕೊಳ್ಳುವುದು ಮುಗಿಸಿದ ತುದಿಯಿಂದಲೇ ಹೊರತು ಆರಂಭದ ತುದಿಯಿಂದ ಸಲೀಸಾಗಿ ಅಲ್ಲ. ಆದ್ದರಿಂದ ಸವೆಯುವ ಜಾಗವೇ ಮುಗಿಸಿದ ತುದಿಯಾಗಿರಲಿ ಎಂಬುದು ಅದರ ತಿರುಳು. ತೋಳು ಜೂಲಾದಾಗ ಮುಂಗೈಯಿಂದ ಮೊಣಕೈವರೆಗೆ ಬಿಚ್ಚಿ, ಹಾಳಾದ ನೂಲು ತೆಗೆದುಹಾಕಿ, ಹೊಸ ನೂಲಿನಿಂದ ಮತ್ತೆ ಕೆಳಕ್ಕೆ ಹೆಣೆದರೆ ಉಳಿದ ಸ್ವೆಟರ್ ಇದ್ದಂತೆಯೇ ಇರುತ್ತಿತ್ತು. ಎಷ್ಟೋ ಗ್ಯಾನ್ಸಿಗಳಲ್ಲಿ ಎದೆಯ ಮೇಲಿನ ಚಿತ್ತಾರ ತೋಳಿನ ಮೇಲ್ಭಾಗಕ್ಕೇ ನಿಂತು, ಕೆಳಗೆ ಬರೀ ಸಾದಾ ಹೆಣಿಗೆ ಇರುವುದು ಈ ದುರಸ್ತಿಗೆ ಅನುಕೂಲವಾಗಿಯೇ ಇದೆ. ಬಿಚ್ಚುವ ದಿನವನ್ನು ಹೆಣೆಯುವ ದಿನವೇ ನೆನೆದು ಮಾಡಿದ ಈ ಉಡುಪನ್ನು ತರಗತಿಯಲ್ಲಿ ಒಮ್ಮೆ ಚಿತ್ರದಲ್ಲಾದರೂ ತೋರಿಸಿದರೆ, ಬಿಚ್ಚುವುದೆಂದರೆ ಸೋಲು ಎಂಬ ಭಾವನೆ ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಅಲ್ಲಾಡುತ್ತದೆ.

ಎರಡನೆಯ ಮಹಾಯುದ್ಧದ ಬ್ರಿಟನ್ನಿನಲ್ಲಿ ಇದೇ ವಿದ್ಯೆ ಮನೆಮನೆಯ ಅಗತ್ಯವಾಯಿತು. 1941ರ ಜೂನ್ 1ರಂದು ಬಟ್ಟೆಗೆ ಪಡಿತರ ಜಾರಿಯಾದಾಗ ವಯಸ್ಕರೊಬ್ಬರಿಗೆ ವರ್ಷಕ್ಕೆ 66 ಕೂಪನ್ ಸಿಗುತ್ತಿತ್ತು, ಒಂದು ಕೂಪನ್ನಿಗೆ ಎರಡು ಔನ್ಸ್, ಅಂದರೆ 57 ಗ್ರಾಂನಷ್ಟು ಹೆಣಿಗೆ ನೂಲು. ದೊಡ್ಡವರ ಒಂದು ಸ್ವೆಟರಿಗೇ ಅರ್ಧ ಕಿಲೋದಷ್ಟು ನೂಲು ಬೇಕಾಗುವಾಗ ಇದರ ಬಿಗಿ ಎಷ್ಟೆಂದು ಊಹಿಸಬಹುದು. ಹಳೆಯ ಸ್ವೆಟರಿಗೆ ಕೂಪನ್ ಬೇಕಿರಲಿಲ್ಲ. ಅಪ್ಪನದನ್ನು ಬಿಚ್ಚಿ ಮಕ್ಕಳಿಗೆ, ಎರಡು ಸಣ್ಣವನ್ನು ಬಿಚ್ಚಿ ಪಟ್ಟೆಪಟ್ಟೆಯ ದೊಡ್ಡದೊಂದನ್ನು ಹೆಣೆಯುವುದು ಪಡಿತರ ಕೊನೆಗೊಂಡ 1949ರವರೆಗೂ ನಡೆದೇ ಇತ್ತು.

ಬಿಚ್ಚುವುದನ್ನು ದುರಸ್ತಿಯ ಉಪಾಯವಾಗಿ ಮಾತ್ರ ನೋಡದೆ ಕಟ್ಟುವ ಉಪಾಯವಾಗಿ ಬಳಸಿದವರಲ್ಲಿ ಎಲಿಜಬೆತ್ ಜಿಮ್ಮರ್‌ಮನ್ (1910–1999) ಅವರ ಹೆಸರು ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ, ಕಣ್ಣೀರಿಲ್ಲದೆ ಹೆಣೆಯುವ ಬಗೆಯನ್ನು ತಲೆಬರಹದಲ್ಲೇ ಸಾರುವ ಪುಸ್ತಕವನ್ನು 1971ರಲ್ಲಿ ಪ್ರಕಟಿಸಿದ ಈ ಗುರು, ಸ್ವೆಟರ್ ಪೂರ್ತಿಯಾದ ಮೇಲೆ ಜೇಬು ಇಡುವ ವಿಧಾನವೊಂದನ್ನು ಜನಪ್ರಿಯಗೊಳಿಸಿದರು. ಜೇಬು ಬೇಕಾದ ಕಡೆ ನಡುವಿನ ಒಂದೇ ಒಂದು ಕುಣಿಕೆಯನ್ನು ಕತ್ತರಿಯಿಂದ ಕತ್ತರಿಸಿ, ಎಡಕ್ಕೂ ಬಲಕ್ಕೂ ಆ ಸಾಲಿನ ನೂಲನ್ನು ಬೇಕಾದಷ್ಟು ಅಗಲ ಬಿಚ್ಚಿ, ತೆರೆದುಕೊಂಡ ಬಾಯಿಯ ಮೇಲಿನ ಮತ್ತು ಕೆಳಗಿನ ಕುಣಿಕೆಗಳನ್ನು ಕಡ್ಡಿಗೇರಿಸಿ ಅಲ್ಲಿಂದ ಜೇಬು ಹೆಣೆಯುವುದು ಆ ವಿಧಾನ. ಮುಗಿದ ಸ್ವೆಟರಿಗೆ ಕತ್ತರಿ ಇಡುವ ಧೈರ್ಯ ಎಲ್ಲಿಂದ ಬರಬೇಕು? ಕತ್ತರಿಸಿದ ಎಳೆ ಎತ್ತ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಖಚಿತ ತಿಳಿವಳಿಕೆಯಿಂದಷ್ಟೇ.

ಇನ್ನು ಕಲಿಸುವ ಬಗೆ. ಹಿಂದಕ್ಕೆ ಹೋಗಲು ದಾರಿಗಳು ಹಲವು, ಯಾವ ತಪ್ಪಿಗೆ ಯಾವ ದಾರಿ ಎಂದು ಆರಿಸಿಕೊಳ್ಳುವುದೇ ಇಲ್ಲಿನ ಜಾಣ್ಮೆ. ತಪ್ಪು ಅದೇ ಸಾಲಿನಲ್ಲಿದ್ದರೆ ಕಡ್ಡಿ ಎಳೆಯಬೇಕಾಗಿಲ್ಲ. ಎಡಗಡ್ಡಿಯ ತುದಿಯನ್ನು ಬಲಗಡ್ಡಿಯ ಕುಣಿಕೆಯ ಕೆಳಗಿನ ಕುಣಿಕೆಗೆ ಎದುರಿನಿಂದ ತೂರಿಸಿ, ಮೇಲಿನದನ್ನು ಜಾರಿಸಿ, ನೂಲನ್ನು ಮೆಲ್ಲಗೆ ಎಳೆದುಕೊಂಡರೆ ಒಂದು ಕುಣಿಕೆ ಬಿಚ್ಚಿದಂತಾಯಿತು. ಇದು ಹೆಣೆಯುವುದರ ತದ್ರೂಪು ಹಿಮ್ಮುಖ ಚಲನೆ, ಆದ್ದರಿಂದ ಮೊದಲ ದಿನದವರಿಗೂ ಬರುತ್ತದೆ. ತಪ್ಪು ಹತ್ತು ಸಾಲು ಕೆಳಗೆ ಇಡೀ ಅಗಲಕ್ಕೂ ಹರಡಿದ್ದರೆ ಕಡ್ಡಿ ತೆಗೆದು ಸಾಲುಸಾಲಾಗಿ ಬಿಚ್ಚುವುದೇ ಸರಿ. ಆದರೆ ಅಲ್ಲಿ ಒಂದು ಮುನ್ನೆಚ್ಚರಿಕೆ ಬೇಕು: ಬಿಚ್ಚುವುದಕ್ಕೆ ಮೊದಲೇ, ತಪ್ಪಿಗಿಂತ ಕೆಳಗಿನ ಒಂದು ಸರಿಯಾದ ಸಾಲಿನ ಉದ್ದಕ್ಕೂ ತೆಳ್ಳಗಿನ ಕಡ್ಡಿಯೊಂದನ್ನು ಪ್ರತಿ ಕುಣಿಕೆಯ ಬಲಗಾಲು ಹಿಡಿಯುವಂತೆ ತೂರಿಸಿಟ್ಟರೆ, ಬಿಚ್ಚುತ್ತ ಬಂದ ನೂಲು ಆ ಕಡ್ಡಿಯ ಬಳಿ ತಾನಾಗಿ ನಿಲ್ಲುತ್ತದೆ, ಒಂದು ಕುಣಿಕೆಯೂ ಜಾರುವುದಿಲ್ಲ.

ಕುಣಿಕೆಯ ಕಾಲು ಎಂದರೆ ಏನೆಂದು ಇಲ್ಲಿ ಹೇಳಬೇಕು. ಕಡ್ಡಿಯ ಮೇಲೆ ಕೂತ ಕುಣಿಕೆಗೆ ಎರಡು ಕಾಲುಗಳು, ಒಂದು ಕಡ್ಡಿಯ ಮುಂದೆ, ಇನ್ನೊಂದು ಹಿಂದೆ. ನಮ್ಮಲ್ಲಿ ಸಾಮಾನ್ಯವಾಗಿ ಕಲಿಸುವ ಪದ್ಧತಿಯಲ್ಲಿ ಬಲಗಾಲು ಮುಂದಿರಬೇಕು. ಬಿಚ್ಚಿದ ಕುಣಿಕೆಗಳನ್ನು ಅವಸರದಲ್ಲಿ ಮತ್ತೆ ಕಡ್ಡಿಗೇರಿಸುವಾಗ ಎಡಗಾಲು ಮುಂದೆ ಬಂದುಬಿಟ್ಟರೆ, ಅದನ್ನು ಎಂದಿನಂತೆ ಹೆಣೆದಾಗ ಕುಣಿಕೆ ಕುತ್ತಿಗೆಯಲ್ಲಿ ತಿರುಚಿಕೊಂಡು ಬಟ್ಟೆಯ ಮೇಲೆ ಬಿಗಿಯಾದ ಗೀರಾಗಿ ಕಾಣುತ್ತದೆ. ಬಿಚ್ಚಿ ಹೆಣೆದ ಜಾಗ ಯಾವಾಗಲೂ ಎದ್ದು ಕಾಣುತ್ತದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ, ಬಿಚ್ಚಿದ್ದರ ದೋಷವಲ್ಲ. ಮುಂದಿನ ಸಾಲಿನಲ್ಲಿ ಅಂಥ ಕುಣಿಕೆ ಎದುರಾದಾಗ ಹಿಂದಿನ ಕಾಲಿನೊಳಗೆ ಕಡ್ಡಿ ಹಾಕಿ ಹೆಣೆದರೆ ತಿರುಚು ತಪ್ಪುತ್ತದೆ, ಅಷ್ಟೇ ಪರಿಹಾರ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟು ಕಲಿಸಬೇಕಾದದ್ದು ಒಂದೇ ಕಂಬವನ್ನು ಬಿಚ್ಚುವ ವಿದ್ಯೆ. ಕುಣಿಕೆಯೊಂದು ಕಡ್ಡಿಯಿಂದ ಜಾರಿದರೆ ಅದರ ಕಂಬ ಮಾತ್ರ ಕೆಳಕೆಳಕ್ಕೆ ಬಿಚ್ಚಿಕೊಳ್ಳುತ್ತ, ಪ್ರತಿ ಸಾಲಿನ ನೂಲು ಅಡ್ಡ ಮೆಟ್ಟಿಲಾಗಿ ಉಳಿದು, ಬಟ್ಟೆಯಲ್ಲಿ ಏಣಿಯೊಂದು ಮೂಡುತ್ತದೆ. ಕಲಿಯುವವರನ್ನು ಅತಿಯಾಗಿ ಹೆದರಿಸುವ ಈ ದೃಶ್ಯವೇ ಅತ್ಯಂತ ಸುಲಭವಾಗಿ ಸರಿಯಾಗುವಂಥದ್ದು: ಕ್ರೋಶಾ ಕೊಕ್ಕೆಯನ್ನು ಉಳಿದ ಕುಣಿಕೆಯೊಳಗೆ ಹಾಕಿ, ಅದಕ್ಕೆ ತೀರ ಹತ್ತಿರದ ಮೆಟ್ಟಿಲನ್ನು ಹಿಡಿದು ಒಳಗಿಂದ ಎಳೆದರೆ ಹೊಸ ಕುಣಿಕೆ, ಹಾಗೆಯೇ ಮೆಟ್ಟಿಲು ಬಿಡದಂತೆ ಮೇಲಕ್ಕೆ ಏರಿದರೆ ಕಂಬ ಮತ್ತೆ ನಿಲ್ಲುತ್ತದೆ. ನಿಟ್ ಮತ್ತು ಪರ್ಲ್ ಎರಡು ಬೇರೆ ಕುಣಿಕೆಗಳಲ್ಲ, ಒಂದೇ ಕುಣಿಕೆಯ ಮುಖ ಮತ್ತು ಬೆನ್ನು ಎಂಬ ಸಂಗತಿ ಇಲ್ಲಿ ಕಣ್ಣಿಗೇ ಕಾಣುತ್ತದೆ. ಮೆಟ್ಟಿಲು ಕುಣಿಕೆಯ ಹಿಂದಿದ್ದಾಗ ಎಳೆದರೆ ನಿಟ್, ಮುಂದಿದ್ದಾಗ ಹಿಂದಕ್ಕೆ ಎಳೆದರೆ ಪರ್ಲ್. ಇದು ಕೈಗೆ ಹತ್ತಿದವರು ಮುಂದೆ ಬೇಕೆಂದೇ ಕುಣಿಕೆ ಬೀಳಿಸುತ್ತಾರೆ. ಕೇಬಲ್ ಎಂದು ಕರೆಯುವ ಜಡೆಯ ವಿನ್ಯಾಸದಲ್ಲಿ ಎಡಕ್ಕೆ ಹೊರಳಬೇಕಾದ ಎಳೆ ಇಪ್ಪತ್ತು ಸಾಲು ಕೆಳಗೆ ಬಲಕ್ಕೆ ಹೊರಳಿದ್ದರೆ, ಸ್ವೆಟರಿನ ಬೆನ್ನಿನ ನೂರಾರು ಕುಣಿಕೆಗಳನ್ನು ಬಿಚ್ಚುವ ಬದಲು ಆ ಜಡೆಯ ಆರೆಂಟು ಕುಣಿಕೆಗಳನ್ನಷ್ಟೇ ತಪ್ಪಿನ ಸಾಲಿನವರೆಗೆ ಇಳಿಸಿ, ಸರಿಯಾಗಿ ದಾಟಿಸಿ, ಸಡಿಲವಾಗಿ ನೇತಾಡುವ ಮೆಟ್ಟಿಲುಗಳನ್ನೇ ನೂಲಾಗಿ ಬಳಸಿ ಮೇಲಕ್ಕೆ ಹೆಣೆದುಕೊಂಡು ಬರಬಹುದು.

  

ಜಾಲರಿ ಹೆಣಿಗೆ, ಅಂದರೆ ಬೇಕೆಂದೇ ರಂಧ್ರಗಳನ್ನಿಟ್ಟು ಹೆಣೆಯುವ ಶಾಲಿನಂಥ ಕೆಲಸ, ಈ ಎಲ್ಲ ಸುಲಭೋಪಾಯಗಳಿಗೆ ಅಪವಾದ. ಅಲ್ಲಿ ಕಡ್ಡಿಯ ಮೇಲೆ ನೂಲು ಸುತ್ತಿ ಒಂದು ಕುಣಿಕೆ ಹೆಚ್ಚಿಸಿದ ಕಡೆ ರಂಧ್ರ ಬೀಳುತ್ತದೆ, ಲೆಕ್ಕ ಸರಿದೂಗಿಸಲು ಪಕ್ಕದಲ್ಲೇ ಎರಡು ಕುಣಿಕೆಗಳನ್ನು ಕೂಡಿಸಿ ಒಂದು ಮಾಡುತ್ತಾರೆ; ಕಂಬಗಳು ಹೀಗೆ ಹುಟ್ಟುತ್ತ, ಬೆರೆಯುತ್ತ, ಓರೆಯಾಗುತ್ತ ಹೋಗುವುದರಿಂದ ಬಿಚ್ಚುವಾಗ ಯಾವ ಕುಣಿಕೆ ಎಲ್ಲಿಯದೆಂದು ಗುರುತು ಸಿಗುವುದಿಲ್ಲ. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ರಕ್ಷಾದಾರ. ವಿನ್ಯಾಸದ ಒಂದು ಸುತ್ತು ಮುಗಿದು ಸಾದಾ ಸಾಲು ಬಂದಾಗ, ಕುಣಿಕೆಗಳನ್ನು ಎಣಿಸಿ ಲೆಕ್ಕ ಸರಿಯಿದೆಯೆಂದು ಖಾತ್ರಿಮಾಡಿಕೊಂಡು, ಬೇರೆ ಬಣ್ಣದ ನುಣುಪಾದ ಹತ್ತಿ ದಾರವನ್ನು ಸೂಜಿಯಿಂದ ಆ ಸಾಲಿನ ಎಲ್ಲ ಕುಣಿಕೆಗಳೊಳಗೆ ಹಾಯಿಸಿ ಬಿಡುತ್ತಾರೆ. ಮುಂದೆ ಎಷ್ಟೇ ಕೆಟ್ಟರೂ ಬಿಚ್ಚಿಕೊಳ್ಳುವುದು ಆ ದಾರದವರೆಗೆ ಮಾತ್ರ. ಎಣಿಸದೆ ಹಾಯಿಸಿದ ದಾರ ತಪ್ಪನ್ನೇ ಕಾಪಾಡುತ್ತದೆ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು.

ಬಿಚ್ಚಿದ ನೂಲಿನ ಬಗ್ಗೆ ತರಗತಿಗಳಲ್ಲಿ ಮಾತೇ ಬರುವುದಿಲ್ಲ, ಬರಬೇಕು. ಬಹಳ ದಿನ ಕುಣಿಕೆಯಾಗಿದ್ದ ಉಣ್ಣೆ ಬಿಚ್ಚಿದಾಗ ಸೊಟ್ಟಸೊಟ್ಟಗೆ ಸುರುಳಿಯಾಗಿ ಬರುತ್ತದೆ, ಹಾಗೆಯೇ ಹೆಣೆದರೆ ಬಿಗಿ ಏರುಪೇರಾಗುತ್ತದೆ. ಉಣ್ಣೆಯ ದ್ರವ್ಯ ಕೆರಾಟಿನ್ ಎಂಬ ಪ್ರೋಟೀನ್. ಅದರ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ನೀರು ತಗುಲಿದರೆ ಸಡಿಲಿ, ಒಣಗುವಾಗ ಎಳೆ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ತಲೆಗೂದಲಿಗೆ ಸುರುಳಿ ಕಟ್ಟಿ ಒಣಗಿಸಿದರೆ ಸುರುಳಿ ಉಳಿಯುವುದೂ ಈ ಕಾರಣದಿಂದಲೇ, ಏಕೆಂದರೆ ಕೂದಲೂ ಕೆರಾಟಿನ್. ಹಾಗಾಗಿ ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಸಿಕ್ಕಾಗದಂತೆ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ತೂಗುಹಾಕಿದರೆ ಮರುದಿನ ನೇರವಾದ ನೂಲು ಸಿದ್ಧ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಎಷ್ಟೋ ಸಲ ಅಕ್ರಿಲಿಕ್ ಆಗಿದ್ದು, ಪೆಟ್ರೋಲಿಯಂ ಮೂಲದ ಆ ಎಳೆಗೆ ಈ ಉಪಚಾರ ಅಷ್ಟಾಗಿ ನಾಟುವುದಿಲ್ಲ. ಹಬೆ ತುಸು ಕೆಲಸ ಮಾಡುತ್ತದೆ, ಹೆಚ್ಚಾದರೆ ನೂಲು ಜೋತುಬಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಒಂದೆಳೆಯನ್ನು ಉರಿಗೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ: ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿನೀರಿಗೆ ಬಿದ್ದು ಕುಗ್ಗಿ ಗಟ್ಟಿಯಾದ ಉಣ್ಣೆ ಸ್ವೆಟರನ್ನು ಮಾತ್ರ ಬಿಚ್ಚಲು ಹೋಗಬಾರದು, ಏಕೆಂದರೆ ಎಳೆಗಳ ಮೇಲಿನ ಸೂಕ್ಷ್ಮ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಂಡು ಅಲ್ಲಿ ನೂಲೆಂಬುದೇ ಉಳಿದಿರುವುದಿಲ್ಲ.

ಪೇಟೆಯಲ್ಲಿ ಕೊಂಡ ಹಳೆಯ ಸ್ವೆಟರ್ ಬಿಚ್ಚಬೇಕೆಂದಿದ್ದರೆ ಮೊದಲು ಒಳಮಗ್ಗುಲಿನ ಹೊಲಿಗೆ ನೋಡಬೇಕು. ಅಂಚಿನ ಕುಣಿಕೆಗಳು ಇಡಿಯಾಗಿದ್ದರೆ ಉದ್ದನೆಯ ನೂಲು ಸಿಗುತ್ತದೆ; ಓವರ್‌ಲಾಕ್ ಹೊಲಿಗೆ ಇದ್ದರೆ ಬಟ್ಟೆಯನ್ನು ತಾನಿನಿಂದ ಕತ್ತರಿಸಿದ್ದಾರೆ ಎಂದರ್ಥ, ಆಗ ಸಾಲಿಗೊಂದರಂತೆ ತುಂಡುಗಳಷ್ಟೇ ಬರುತ್ತವೆ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಯಂತ್ರದಲ್ಲಿ ಹರಿದು ಮತ್ತೆ ನೂಲುವ ಉದ್ಯಮವಿದ್ದು, ಹರಿಯುವಾಗ ಎಳೆಗಳು ತುಂಡಾಗುವುದರಿಂದ ಆ ನೂಲು ಒರಟು, ಕಂಬಳಿಗಳಿಗೆ ಸರಿ. ಕೈಯಿಂದ ಬಿಚ್ಚಿದ ನೂಲಿಗೆ ಆ ನಷ್ಟವಿಲ್ಲ.

ಎಲ್ಲ ತಪ್ಪನ್ನೂ ಬಿಚ್ಚಲೇಬೇಕೆ? ಬೇಕಿಲ್ಲ. ಕಂಕುಳ ಬಳಿಯ ಒಂದು ತಪ್ಪು ಪರ್ಲ್ ಯಾರಿಗೂ ಕಾಣುವುದಿಲ್ಲ, ಅದಕ್ಕಾಗಿ ಒಂದು ಸಂಜೆ ಕಳೆಯುವುದು ಹಟ. ಅಳತೆ ಕೆಡಿಸುವ ತಪ್ಪು, ಮುಂದಿನ ಸಾಲುಗಳನ್ನೂ ಎಳೆದುಕೊಂಡು ಹೋಗುವ ತಪ್ಪು, ಜಾರಿ ಮುಂದೆ ಏಣಿಯಾಗುವ ಕುಣಿಕೆ, ಇವನ್ನು ಬಿಡುವಂತಿಲ್ಲ. ಆದರೆ ಕೈಕೆಲಸದಲ್ಲಿ ತಪ್ಪಿದ್ದರೇ ಚೆಂದ, ಅದು ಮನುಷ್ಯನ ಕೈಯ ಗುರುತು ಎಂದು ಕಲಿಯುವವರನ್ನು ಸಮಾಧಾನಪಡಿಸುವ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದ್ದು, ಅದನ್ನು ಒಪ್ಪುವುದು ಕಷ್ಟ. ಬಿಚ್ಚಲು ಬಲ್ಲವರು ತಪ್ಪನ್ನು ಉಳಿಸಿಕೊಂಡರೆ ಅದು ಅವರ ಆಯ್ಕೆ. ಬಿಚ್ಚಲು ಬಾರದವರಿಗೆ ಹೇಳಿದಾಗ ಅದೇ ಮಾತು ಪಾಠ ತಪ್ಪಿಸಿದ್ದಕ್ಕೆ ಕೊಡುವ ಸಬೂಬು. ಯಾವುದನ್ನು ಬಿಡಬೇಕು, ಯಾವುದನ್ನು ಬಿಚ್ಚಬೇಕು ಎಂಬ ತೀರ್ಮಾನವನ್ನು ಗುರುಗಳು ತಮ್ಮ ಕೈಗೆ ತೆಗೆದುಕೊಳ್ಳದೆ ಕಲಿಯುವವರಿಂದಲೇ ಹೇಳಿಸುವುದು ಒಳ್ಳೆಯದು.

ಮೊದಲ ತರಗತಿಗೆ ಒಂದು ಸಲಹೆ. ಇಪ್ಪತ್ತು ಕುಣಿಕೆಗಳ ಒಂದು ಪಟ್ಟಿಯನ್ನು ಹತ್ತು ಸಾಲು ಹೆಣೆಸಿ, ನಡುವಿನ ಒಂದು ಕುಣಿಕೆಯನ್ನು ಗುರುಗಳೇ ಎಲ್ಲರೆದುರು ಬೀಳಿಸಿ, ಏಣಿ ತಳದವರೆಗೆ ಇಳಿಯಲು ಬಿಟ್ಟು, ಪ್ರತಿಯೊಬ್ಬರಿಂದಲೂ ಕೊಕ್ಕೆ ಹಿಡಿದು ಅದನ್ನು ಏರಿಸಿ, ಆಮೇಲೆ ಇಡೀ ಪಟ್ಟಿಯನ್ನು ಬಿಚ್ಚಿಸಿ ಅದೇ ನೂಲಿನಿಂದ ಮತ್ತೆ ಆರಂಭಿಸಬಹುದು. ಇದಕ್ಕೆ ಕಪ್ಪು, ಕಡುನೀಲಿ ನೂಲು ಬೇಡ, ಕುಣಿಕೆ ಕಾಣುವುದಿಲ್ಲ. ಉದ್ದ ರೋಮದ ಮೊಹೇರ್ ಅಂತೂ ಬೇಡವೇ ಬೇಡ, ಅದರ ರೋಮಗಳು ಒಂದಕ್ಕೊಂದು ತೊಡರಿ ಬಿಚ್ಚಲು ಬಿಡುವುದಿಲ್ಲ. ತಿಳಿಬಣ್ಣದ, ನಾಲ್ಕು ಎಳೆಯ, ನುಣ್ಣಗೆ ಹುರಿಗೊಂಡ ಅಪ್ಪಟ ಉಣ್ಣೆ ನೂಲು ಸಿಕ್ಕರೆ ತಲೆಗೊಂದು ಸಣ್ಣ ಉಂಡೆ ಸಾಕು, ಕ್ರೋಶಾ ಕೊಕ್ಕೆಯನ್ನು ಕಡ್ಡಿಗಳ ಜೊತೆಯಲ್ಲೇ ತರಲು ಮುಂಚಿತವಾಗಿ ತಿಳಿಸಬೇಕು.